ಅನುದಾನ ಬಂತು, ಗುಳೆ ನಿಂತಿತೇ? ತಾಲ್ಲೂಕಿನ ಲೆಕ್ಕ ನೋಡುವ ಬಗೆ

ರಾಯಚೂರು ಜಿಲ್ಲೆಯ ದೇವದುರ್ಗ ಅತ್ಯಂತ ಹಿಂದುಳಿದ ತಾಲ್ಲೂಕು ಎಂದು ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲೇ ಹೇಳಿತ್ತು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ 5,000 ಕೋಟಿ ಘೋಷಣೆಯೂ ಆಯಿತು. ಆದರೂ ಸುಗ್ಗಿ ಮುಗಿದ ಮೇಲೆ ರಾಯಚೂರು ಜಿಲ್ಲೆಯ ಹಳ್ಳಿಗಳಿಂದ ಕೂಲಿ ಹುಡುಕಿ ಗುಳೆ ಹೊರಟು ಬೆಂಗಳೂರಿನ ಬಸ್ ಹತ್ತುವವರು ಇನ್ನೂ ಇದ್ದಾರೆ. ಹಾಗಾಗಿ ಎಷ್ಟು ಬಂತು ಅನ್ನುವುದಕ್ಕಿಂತ ಯಾತಕ್ಕೆ ಹೋಯಿತು ಅನ್ನುವುದನ್ನೇ ನಾನು ಹಿಡಿದು ಕೂರುತ್ತೇನೆ.

'ಶೇ 95 ಖರ್ಚು' ಎಂದರೆ ಮೊದಲು ಕೇಳಬೇಕಾದ್ದು: ಹಂಚಿಕೆಯ ಮೇಲೋ, ಬಿಡುಗಡೆಯ ಮೇಲೋ? 10 ಕೋಟಿ ಹಂಚಿ, 4 ಕೋಟಿ ಬಿಡುಗಡೆ ಮಾಡಿ, 3.8 ಕೋಟಿ ಬಳಸಿದರೂ ಅದು ಶೇ 95 ಆಗುತ್ತದೆ. ಇನ್ನೊಂದು, ಮಾರ್ಚ್ ಕೊನೆಗೆ ಕಾಮಗಾರಿ ಸಂಸ್ಥೆಗೆ ಕೊಟ್ಟ ಮುಂಗಡವೂ ಖರ್ಚಿನ ಕಾಲಂನಲ್ಲೇ ಬಂದು ಕೂತಿರುತ್ತದೆ, ನೆಲದಲ್ಲಿ ಗುದ್ದಲಿ ಬಿದ್ದಿರುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದ ಒಳಗೆ. 'ತಾಲ್ಲೂಕಿನ ಎಲ್ಲ ಕಾಮಗಾರಿ' ಎಂದು ಬರೆದರೆ ವಾಪಸ್ ಬರಬಹುದು. ಒಂದೇ ಕಾಮಗಾರಿಯ ಹೆಸರು ಹಾಕಿ ಕ್ರಿಯಾ ಯೋಜನೆ, ಎಸ್ಟಿಮೇಟ್, ಅಳತೆ ಪುಸ್ತಕ, ಬಿಲ್ ಕೇಳಬೇಕು. ಅಳತೆ ಪುಸ್ತಕ ಕೈಗೆ ಬಂದರೆ ಟೇಪ್ ಹಿಡಿದು ಹೋಗಿ: 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಸಿಸಿ ರಸ್ತೆ ಎಂದರೆ 45 ಘನ ಮೀಟರ್ ಕಾಂಕ್ರೀಟ್. ದಪ್ಪವನ್ನು ರಸ್ತೆಯ ಅಂಚಿನಲ್ಲಿ ಅಳೆದು ಸುಮ್ಮನಾಗಬೇಡಿ. ಮೋಸ ಇದ್ದರೆ ನಡುವೆ ಇರುತ್ತದೆ.

ಆ ರಸ್ತೆ ಸರಿಯಾಗಿಯೇ ಆಗಿರಲಿ, ಸಿಮೆಂಟು, ಜಲ್ಲಿ, ಯಂತ್ರದ ಬಾಡಿಗೆ ಕಳೆದರೆ ಊರಿನವರ ಕೂಲಿಗೆ ಉಳಿಯುವುದು ಸಣ್ಣ ಪಾಲು. ರಸ್ತೆಯ ಬದಲು 10 ಲಕ್ಷ ಉದ್ಯೋಗ ಖಾತ್ರಿಯ 60:40 ಲೆಕ್ಕದಲ್ಲಿ (ಕೂಲಿಗೆ 60, ಸಾಮಗ್ರಿಗೆ 40) ಹೋದರೆ ಕನಿಷ್ಠ 6 ಲಕ್ಷ ಕೂಲಿ. 2025-26ರಲ್ಲಿದ್ದ ದಿನದ ದರ 370 ರೂಪಾಯಿಯಂತೆ ಸುಮಾರು 1,620 ಮಾನವ ದಿನ, ಅಂದರೆ ಹದಿನಾರು ಮನೆಗಳಿಗೆ ನೂರು ದಿನದ ಕೆಲಸ. ರಸ್ತೆ ಬೇಡವೆಂದಲ್ಲ, ಆಂಬುಲೆನ್ಸ್ ಬರಬೇಕಲ್ಲ. ಆದರೆ ಈ ವರ್ಷದ ಗುಳೆಯನ್ನು ಅದು ತಡೆಯದು.

ಕೂಲಿ ಕೆಲಸ ತಡವಾದರೂ ಕೆಟ್ಟಿತು. ಭತ್ತದ ಕೊಯ್ಲು, ಹತ್ತಿ ಬಿಡಿಸುವುದು ಮುಗಿಯುವ ಮೊದಲೇ ಕೆಲಸದ ಅರ್ಜಿ ಕೊಟ್ಟು, ತಾರೀಕು ಹಾಕಿದ ರಸೀದಿ ಇಟ್ಟುಕೊಳ್ಳಬೇಕು. ರಸೀದಿ ಇಲ್ಲದಿದ್ದರೆ 'ಬೇಡಿಕೆಯೇ ಇರಲಿಲ್ಲ' ಅಂತಾರೆ.

ಪರಿಣಾಮ ನೋಡಲು ಜಿಲ್ಲಾ ಬಡತನ ಸೂಚ್ಯಂಕ ಸಾಲದು, ಅದು ಹಳ್ಳಿಗೆ ಇಳಿಯುವುದಿಲ್ಲ. ಶಾಲೆಯ ಜನವರಿ ಹಾಜರಿ, ಅಂಗನವಾಡಿಯ ತೂಕದ ರಿಜಿಸ್ಟರ್, ಊರಿನ ಕಾರ್ಡಿಗೆ ಬೇರೆ ಜಿಲ್ಲೆಯಲ್ಲಿ ಎತ್ತಿದ ರೇಷನ್: ಈ ಮೂರು ಸಾಕು. ರೇಷನ್ ಪಟ್ಟಿಯನ್ನು ಎನ್ಎಂಆರ್ (ಉದ್ಯೋಗ ಖಾತ್ರಿಯ ಕೂಲಿಕಾರರ ಹಾಜರಿ ಪಟ್ಟಿ) ಜೊತೆ ತಿಂಗಳಿಗೆ ತಿಂಗಳು ಹೋಲಿಸಿದರೆ, ಜೆಸಿಬಿಯಲ್ಲಿ ತೋಡಿಸಿ ಊರಲ್ಲಿಲ್ಲದ ಕೂಲಿಕಾರರ ಹೆಸರು ಬರೆದದ್ದೂ ಹೊರಬೀಳುತ್ತದೆ. ಆದರೆ ಮಗ-ಸೊಸೆ ಬೆಂಗಳೂರಲ್ಲಿ ರೇಷನ್ ತಗೊಂಡು, ಮುದುಕಿ ಇಲ್ಲಿ ಕೆಲಸಕ್ಕೆ ಹೋಗಿರಬಹುದು. ಕಾರ್ಡಲ್ಲಿ ಯಾರ್ಯಾರ ಹೆಸರಿದೆ ಎಂದು ಮನೆಗೆ ಹೋಗಿ ಕೇಳದೆ ಗ್ರಾಮಸಭೆಯಲ್ಲಿ ಬಾಯಿ ತೆಗೆಯಬೇಡಿ.