ಮಲೆನಾಡಿನ ಕೆರೆಗಳನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸುವ ಬಗೆ

ಸೊರಬ, ಸಾಗರ, ಶಿಕಾರಿಪುರ ಸೀಮೆಯ ಕೆರೆಗಳ ನಕ್ಷೆ ತಯಾರಿಸುವವರು ಎಲ್ಲಕ್ಕಿಂತ ಮೊದಲು ಚಿತ್ರದ ತಿಂಗಳನ್ನು ನಿರ್ಧರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೋಡ ಸರಿಯುವುದೇ ಅಪರೂಪ. ಸರಿದರೂ ನಾಟಿ ಗದ್ದೆಯಲ್ಲಿ ನಿಂತ ನೀರು ಕೆರೆಯಂತೆಯೇ ಕಾಣುತ್ತದೆ. ಆದ್ದರಿಂದ ಭತ್ತದ ಕೊಯ್ಲು ಬಹುಪಾಲು ಮುಗಿದು ಕೆರೆ ಇನ್ನೂ ತುಂಬಿರುವ ಡಿಸೆಂಬರ್‌ನ ಒಂದು ಚಿತ್ರವನ್ನೂ ನೀರು ತಳ ಕಂಡಿರುವ ಏಪ್ರಿಲ್‌ನ ಒಂದು ಚಿತ್ರವನ್ನೂ ಆರಿಸಿಕೊಳ್ಳಿ. ಅಲಾಸ್ಕ, ಸೈಬೀರಿಯಗಳ ಕೊಳಗಳನ್ನು ಗುರುತಿಸುವವರು ಮಂಜುಗಡ್ಡೆ ಕರಗಿದ ಕೆಲವೇ ತಿಂಗಳುಗಳಿಗೆ ಕಾಯಬೇಕಾಗುತ್ತದೆ. ಅವರಿಗೆ ಹೋಲಿಸಿದರೆ ನಮಗೆ ಸಿಗುವ ಅವಧಿ ದೊಡ್ಡದೇ.

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಪ್ರತಿ ಚಿತ್ರದಲ್ಲೂ ಒಂದೊಂದು ಬಗೆಯ ಬೆಳಕಿಗೆ ಬ್ಯಾಂಡ್ ಎಂಬ ಪ್ರತ್ಯೇಕ ಪದರವಿರುತ್ತದೆ. ಅದರಲ್ಲಿ ಹಸಿರು ಬೆಳಕಿನ 3ನೇ ಬ್ಯಾಂಡ್ ಮತ್ತು ಕಣ್ಣಿಗೆ ಕಾಣದ ಅವಕೆಂಪು ಕಿರಣದ 8ನೇ ಬ್ಯಾಂಡ್ ಇಳಿಸಿಕೊಂಡು, ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶದ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಹಸಿರಿನ ಮೌಲ್ಯದಿಂದ ಅವಕೆಂಪಿನ ಮೌಲ್ಯವನ್ನು ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿ. ನೀರು ಅವಕೆಂಪು ಕಿರಣವನ್ನು ಹೀರಿಕೊಳ್ಳುವುದರಿಂದ ಸೊನ್ನೆಗಿಂತ ಹೆಚ್ಚು ಬಂದಲ್ಲಿ ಸಾಮಾನ್ಯವಾಗಿ ನೀರಿದೆ ಎಂದರ್ಥ. 2022ರ ಜನವರಿ 25ರಿಂದೀಚೆಗೆ ಸಂಸ್ಕರಿಸಿದ ಚಿತ್ರಗಳ ಪ್ರತಿ ಮೌಲ್ಯಕ್ಕೂ 1000 ಸೇರಿಸಿ ಕೊಡಲಾಗಿರುತ್ತದೆ. ಅದನ್ನು ಮೊದಲೇ ಕಳೆಯದಿದ್ದರೆ ಉತ್ತರ ತಪ್ಪುತ್ತದೆ.

ಈ ಬ್ಯಾಂಡ್‌ಗಳ ಒಂದು ಪಿಕ್ಸೆಲ್, ಅಂದರೆ ಚಿತ್ರದ ಅತಿ ಸಣ್ಣ ಚೌಕ, ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಪಹಣಿಯ ಲೆಕ್ಕಕ್ಕೆ ಇದು ಅನುಕೂಲವೇ. ಆದರೆ ಎರಡು ಮೂರು ಗುಂಟೆಯ ಕಲ್ಯಾಣಿ, ಕೃಷಿ ಹೊಂಡಗಳನ್ನು ಈ ಚಿತ್ರದಿಂದ ನಂಬಿಕೆಯಾಗಿ ಅಳೆಯಲಾಗದು.

ತಪ್ಪುಗಳು ಹೆಚ್ಚಾಗಿ ನುಸುಳುವುದು ನೆರಳಿನಿಂದ. ಉಪಗ್ರಹ ಬೆಳಿಗ್ಗೆ 10.30ರ ಸುಮಾರಿಗೆ ಹಾದುಹೋಗುವುದರಿಂದ, ಡಿಸೆಂಬರ್‌ನಲ್ಲಿ ಸೂರ್ಯ ಆಗ್ನೇಯಕ್ಕಿದ್ದು, ಕೊಡಚಾದ್ರಿ, ಆಗುಂಬೆ ಕಡೆಯ ಗುಡ್ಡಗಳ ವಾಯವ್ಯ ಮಗ್ಗುಲು ಕಪ್ಪಾಗಿ ನೀರಿನಂತೆ ತೋರಬಹುದು. ನೀರಿನ ಮೈ ಮಟ್ಟಸವಾಗಿರುತ್ತದೆಯಾದ್ದರಿಂದ, ಎತ್ತರದ ದತ್ತಾಂಶದಿಂದ ಇಳಿಜಾರು ಲೆಕ್ಕಹಾಕಿ ಕಡಿದಾದ ಜಾಗಗಳನ್ನು ತೆಗೆದುಹಾಕಿ. ಇದಕ್ಕೆ ವಿರುದ್ಧವಾದ ತೊಂದರೆ ತಾವರೆ, ಅಂತರಗಂಗೆ ಮುಚ್ಚಿದ ಕೆರೆಗಳದ್ದು: ಅವು ಹಸಿರು ಗದ್ದೆಯಂತೆ ಕಂಡು ಲೆಕ್ಕದಿಂದಲೇ ಬಿಟ್ಟುಹೋಗುತ್ತವೆ. ಅಂಥವನ್ನು ಏರಿಯ ನೇರ ಗೆರೆಯಿಂದ ಪತ್ತೆಹಚ್ಚಿ ಕೈಯಿಂದಲೇ ಗಡಿ ಎಳೆಯುವುದು ಮೇಲು. ಲಿಂಗನಮಕ್ಕಿಯ ಹಿನ್ನೀರನ್ನು ಪ್ರತ್ಯೇಕ ಪದರದಲ್ಲಿಡಿ.

ಕೊನೆಗೆ ನೀರಿನ ಪಿಕ್ಸೆಲ್‌ಗಳನ್ನು ಪಾಲಿಗನ್‌ಗಳಾಗಿ (ಗಡಿರೇಖೆಯುಳ್ಳ ಆಕೃತಿಗಳಾಗಿ) ಬದಲಿಸಿ, ಪ್ರತಿಯೊಂದರ ವಿಸ್ತೀರ್ಣದ ಪಕ್ಕದಲ್ಲಿ ಚಿತ್ರದ ದಿನಾಂಕ ಬರೆಯಿರಿ. ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿಕೊಂಡು ಪಹಣಿಯ ವಿಸ್ತೀರ್ಣದೊಂದಿಗೆ ಹೋಲಿಸಿ. ಡಿಸೆಂಬರ್‌ನಲ್ಲೂ ಬಹಳ ಕಡಿಮೆ ಬಂದರೆ ಅದು ಹೂಳೋ, ಕಳೆಯೋ, ಒತ್ತುವರಿಯೋ ಎಂಬುದನ್ನು ಕೆರೆಯ ಬಳಿಗೇ ಹೋಗಿ ನೋಡಬೇಕು.