ಹದಿಮೂರು ಚೀಲದ ಲೆಕ್ಕ

ಹತ್ತು ಚಕ್ರದ ಲಾರಿ ಇಟ್ಟುಕೊಂಡವರಿಗೆ 28 ಟನ್ನಿನ ಲೆಕ್ಕ ಹೇಳಬೇಕಾಗಿಲ್ಲ. ಲಾರಿ, ಮಾಲು ಎಲ್ಲ ಸೇರಿ ಕಾನೂನು ಬಿಡುವ ತೂಕ ಅಷ್ಟೇ. ಮುಂದಿನ ಆಕ್ಸಲ್‌ಗೆ 7, ಹಿಂದಿನ ಜೋಡಿಗೆ 21. ಅಷ್ಟರಲ್ಲೇ ದುಡಿಯುತ್ತೇನೆ ಅಂದಾಗ ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ಎಲ್ಲರೂ ನಕ್ಕಿದ್ದರು. "ಎರಡು ಟನ್ ಜಾಸ್ತಿ ಹಾಕ್ಕೊಂಡ್ ಹೋಗಣ್ಣ, ಏನಾಗಲ್ಲ" ಅಂದರು. ಅವರ ಮಾತು ಕೇಳಿ ಮೆಕ್ಕೆಜೋಳ ಹಾಕಿಕೊಂಡು ತಮಿಳುನಾಡಿನ ನಾಮಕ್ಕಲ್‌ಗೆ ಹೊರಟವನು ದಾರಿಯಲ್ಲಿ ಸಿಕ್ಕಿಬಿದ್ದೆ. 2019ರ ತಿದ್ದುಪಡಿ ಆದಮೇಲೆ ದಂಡ 20 ಸಾವಿರ, ಅದರ ಮೇಲೆ ಹೆಚ್ಚಿನ ಟನ್ನಿಗೆ 2 ಸಾವಿರ. 24 ಸಾವಿರ ಕಟ್ಟಿದೆ. ಹೆಚ್ಚಿನ ಚೀಲ ಇಳಿಸಿದ ಹಮಾಲಿ ಬೇರೆ.

ಆವತ್ತೇ ತಲೆಗೆ ಹೊಳೆದದ್ದು: ಮಾಲು ಏರಿಸುವ ಬದಲು ಲಾರಿಯ ತೂಕವನ್ನೇ ಇಳಿಸಿದರೆ?

ನನ್ನದು ಹಳೇ ಮರದ ಬಾಡಿ. ಖಾಲಿ ತೂಕ 10,150 ಕೆಜಿ. ಹಲಗೆ ಕಿತ್ತು 3 ಎಂಎಂ ಉಕ್ಕಿನ ಶೀಟು ಹಾಸಿಸಿದೆ. ವಾಪಸ್ ಬರುವಾಗ ಒಂದೇ ಒಂದು ಸಲ ಕಬ್ಬಿಣದ ಲೋಡು ಹಾಕಿದ್ದು, ಶೀಟು ಹಪ್ಪಳದ ಹಾಗೆ ಸೊಟ್ಟಗಾಯಿತು. 35 ಸಾವಿರ ನೀರಿಗೆ ಹಾಕಿದಂಗಾಯ್ತು. ಎರಡನೇ ಸಲ ದಪ್ಪ ಶೀಟೇ ಹಾಕಿಸಿದೆ, ಆದರೆ ಅಡಿಯ ಮರದ ತೊಲೆಗಳನ್ನೆಲ್ಲ ತೆಗೆಸಿ ಉಕ್ಕಿನ ಚಾನಲ್ (ಅಡ್ಡಪಟ್ಟಿ) ಕೊಡಿಸಿದೆ. ಎಷ್ಟು ಅಂತರಕ್ಕೆ ಒಂದೊಂದು ಅನ್ನುವುದನ್ನು ಮಾತ್ರ ಕೇಳಬೇಡಿ, ಅದಕ್ಕೇ ಮೂರು ತಿಂಗಳು ಒದ್ದಾಡಿದ್ದೇನೆ.

ಭರಮಸಾಗರದ ಹತ್ತಿರ ಲಾರಿ ತೂಗುವ ಒಂದು ವೇಬ್ರಿಡ್ಜಿಗೆ ಹತ್ತಿಸಿದೆ. ಚೀಟಿ ನೋಡಿದರೆ ಇಳಿದಿದ್ದು ಬರೀ 300 ಚಿಲ್ಲರೆ ಕೆಜಿ! ಬಾಡಿ ಮಾಡಿದ ಮೇಸ್ತ್ರಿಯ ಮುಖ ನೋಡಬೇಕಿತ್ತು. ಆಮೇಲೆ ಹೊಳೆಯಿತು, ಟ್ಯಾಂಕ್ ತುಂಬಾ ಡೀಸೆಲ್. 365 ಲೀಟರ್ ಅಂದರೆ ಅದೇ ಹತ್ತಿರ ಹತ್ತಿರ 300 ಕೆಜಿ. ಮಳೆಗೆ ನೆನೆದ ತಾಡಪಾಲು, ಹಗ್ಗ, ಕ್ಲೀನರ್ ಹುಡುಗನ ಸ್ಟೌವು, ಕ್ಯಾಬಿನ್ನಲ್ಲಿ ಮಲಗಿದ್ದ ಆ ಹುಡುಗ! ಮಾರನೇ ವಾರ ಟ್ಯಾಂಕ್ ತಳ ಕಾಣುವಾಗ, ಎಲ್ಲ ಇಳಿಸಿ ಹತ್ತಿಸಿದೆ. 9,340 ಕೆಜಿ.

ಆರ್‌ಸಿಯಲ್ಲಿ ಹೊಸ ಖಾಲಿ ತೂಕ ಬರೆಸೋದು ಮರೀಬೇಡಿ. ನಾನು ಮರೆತಿದ್ದೆ. ಲೋಡ್ ಮಾಡುವವರು ಹಳೇ ಆರ್‌ಸಿ ನೋಡಿ ಹಳೇ ಲೆಕ್ಕದಲ್ಲೇ ತುಂಬಿ ಕಳಿಸಿದರು. ಆರ್‌ಟಿಒಗೆ ಮೂರ್ನಾಲ್ಕು ಸಲ ಓಡಾಡಿದ್ದೂ ಆಯಿತು.

ಆರ್‌ಸಿಯ ಖಾಲಿ ತೂಕದ ಲೆಕ್ಕದಲ್ಲಿ 60 ಕೆಜಿಯ 297 ಚೀಲ ಹೋಗುತ್ತಿದ್ದದ್ದು ಈಗ 310. ಬಾಡಿಗೆ ಟನ್ನಿಗೆ ಸುಮಾರು 1,500 ಸಿಕ್ಕಿದರೆ ಟ್ರಿಪ್ಪಿಗೆ 1,200ರ ಹತ್ತಿರ ಹೆಚ್ಚು. ಒಟ್ಟು ಖರ್ಚು, ಹಾಳು ಮಾಡಿದ ಶೀಟೂ ಸೇರಿ, 1 ಲಕ್ಷ 70 ಸಾವಿರದ ಹತ್ತಿರ. ಹಳೇ ಮರ ಮಾರಿ 30 ಸಾವಿರ ಬಂತು. ತಿಂಗಳಿಗೆ ಏಳೆಂಟು ಟ್ರಿಪ್ಪು, ಒಂದೂವರೆ ವರ್ಷದೊಳಗೆ ಹಾಕಿದ ದುಡ್ಡು ವಾಪಸ್. ಯಾರ್ಡಲ್ಲಿ ನಕ್ಕಿದ್ದವರಲ್ಲಿ ಇಬ್ಬರು ಈಗ ನನ್ನ ಬಾಡಿ ಮಾಡಿದ ಶೆಡ್ಡಿನಲ್ಲೇ ಲಾರಿ ನಿಲ್ಲಿಸಿದ್ದಾರೆ.

ಆಸೆ ಜಾಸ್ತಿಯಾಗಿ ಎರಡನೇ ಸ್ಟೆಪ್ನಿಯನ್ನೂ ಮನೇಲಿ ಬಿಟ್ಟು ಹೋಗಿದ್ದೆ, ಇನ್ನೂ 100 ಕೆಜಿ ಉಳಿಯಲಿ ಅಂತ. ತೊಪ್ಪೂರು ಘಾಟಿಯಲ್ಲಿ ರಾತ್ರಿ ಎರಡು ಟೈರ್ ಒಟ್ಟಿಗೆ ಹೋದವು. ಈಗ ಎರಡೂ ಲಾರಿಯಲ್ಲೇ ಇವೆ. 9,340 ಅಂತ ಹೇಳಿದೆನಲ್ಲ, ಅದು ಎರಡೂ ಸೇರಿಯೇ.