ಹದಿನಾರು ಸಾವಿರ ಫ್ರೇಮಿನ ರೀಲಿಗೆ ಒಬ್ಬನೇ ಬಣ್ಣ ಹಚ್ಚಿದ್ದು

ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಹಚ್ಚುವುದು ಒಬ್ಬನಿಂದ, ಒಂದು ಕಂಪ್ಯೂಟರಿನಿಂದ ಆಗುವ ಕೆಲಸವಲ್ಲ ಎಂದು ಗಾಂಧಿನಗರದಲ್ಲಿ ನನಗೆ ಹೇಳದವರಿಲ್ಲ. ಸಂಕಲನಕಾರ ಗೆಳೆಯರು ಬುದ್ಧಿ ಹೇಳಿದರು, ಚಿತ್ರದ ಬಣ್ಣ-ಬೆಳಕು ಹದ ಮಾಡುವ ಗ್ರೇಡಿಂಗ್‌ನವರು ನಕ್ಕರು, ಹಿರಿಯ ಛಾಯಾಗ್ರಾಹಕರೊಬ್ಬರು ‘ಬಣ್ಣ ಮೆತ್ತಿ ಕ್ಯಾಲೆಂಡರ್ ಮಾಡಿಡುತ್ತೀಯ ನೋಡು’ ಎಂದು ಮೂಗು ಮುರಿದರು. 2008ರಲ್ಲಿ ‘ಸತ್ಯ ಹರಿಶ್ಚಂದ್ರ’, 2014ರಲ್ಲಿ ‘ಕಸ್ತೂರಿ ನಿವಾಸ’ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದಾಗ ಅವುಗಳ ಹಿಂದೆ ತಂಡವಿತ್ತು, ಬಂಡವಾಳವಿತ್ತು. ನನ್ನ ಬಳಿ ಇದ್ದದ್ದು ಮನೆಯ ಮಹಡಿಯ ಕೋಣೆ ಮತ್ತು ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡು. ಈಗ ನಾಲ್ಕು ರೀಲು ಮುಗಿದಿವೆ, ಪ್ರಿವ್ಯೂ ಥಿಯೇಟರಿನ ಪರದೆಯ ಮೇಲೆ ಓಡಿವೆ, ಹಣವೂ ಕೈಗೆ ಬಂದಿದೆ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಚಿತ್ರದ ಹೆಸರು ಹೇಳುವಂತಿಲ್ಲ. ಅರವತ್ತರ ದಶಕದ ಒಂದು ಸಾಂಸಾರಿಕ ಕಥೆ. ನಿರ್ಮಾಪಕರು ತೀರಿಕೊಂಡಿದ್ದಾರೆ, ಹಕ್ಕು ಮಗನ ಕೈಯಲ್ಲಿದೆ. ನೆಗೆಟಿವ್ ಎಲ್ಲಿ ಹೋಯಿತೋ ಗೊತ್ತಿಲ್ಲ, ಸಿಕ್ಕಿದ್ದು ಊರೂರು ತಿರುಗಿದ ಪ್ರಿಂಟು. ಡಬ್ಬಿಯ ಮುಚ್ಚಳ ತೆಗೆದರೆ ವಿನೆಗರ್ ವಾಸನೆ, ಫಿಲ್ಮು ಕೆಡುತ್ತಿರುವ ಗುರುತು. ಅಷ್ಟು ಹೊತ್ತಿಗೆ ಫಿಲ್ಮು ಕುಗ್ಗಿಯೂ ಇರುತ್ತದೆ, ಚಿತ್ರ ಅತ್ತಿತ್ತ ತೂಗುತ್ತದೆ. ಬಣ್ಣದ ಮಾತು ಎತ್ತುವ ಮೊದಲು ಅದನ್ನು ನಿಲ್ಲಿಸಬೇಕು, ಮಿಣುಕನ್ನು ತೆಗೆಯಬೇಕು. ಇದು ನಿಮಗೆಲ್ಲ ಗೊತ್ತಿರುವುದೇ. ಸಾವಿರ ಅಡಿಯ ರೀಲು, ಅಡಿಗೆ 16 ಫ್ರೇಮು, ಅಂದರೆ ರೀಲಿಗೆ 16,000. 2ಕೆ, ಅಂದರೆ ಸುಮಾರು ಎರಡು ಸಾವಿರ ಪಿಕ್ಸೆಲ್ ಅಗಲದ ಸ್ಕ್ಯಾನಿನಲ್ಲಿ, ಒಂದು ಫ್ರೇಮಿನ ಡಿಪಿಎಕ್ಸ್ ಫೈಲು 12 ಎಂಬಿಯ ಮೇಲೆ. ಒಂದು ರೀಲಿಗೇ 200 ಜಿಬಿ. ಹಾರ್ಡ್ ಡಿಸ್ಕಿಗೇ ನಲವತ್ತು ಸಾವಿರದಷ್ಟು ಹೋಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬಾಡಿಗೆಯ ಸರ್ವರ್ ಹಿಡಿದು ಇಡೀ ರೀಲನ್ನು ತಾನಾಗಿಯೇ ಬಣ್ಣ ಹಚ್ಚುವ ಡಿಓಲ್ಡಿಫೈ ಎಂಬ ತಂತ್ರಾಂಶಕ್ಕೆ ಹಾಕಿದೆ. ಮೊದಲ ಕ್ಲೋಸಪ್ ನೋಡಿ ಕುಣಿದಾಡುವುದೊಂದು ಬಾಕಿ. ಮೂರನೆಯ ಶಾಟಿಗೆ ಸೀರೆ ನೀಲಿಯಿಂದ ನೇರಳೆಗೆ ಹೋಯಿತು, ಐದನೆಯದರಲ್ಲಿ ಕಂದಾಯಿತು. ಮುಖಕ್ಕೆ ಜೀವ ಬಂದಿದ್ದರೆ ಕೈಗಳು ಬೂದಿ ಬಳಿದಂತೆ ಇದ್ದವು. ನಮ್ಮವರ ಮೈಬಣ್ಣ ಒಂದೋ ಗುಲಾಬಿಗೆ ತಿರುಗುತ್ತಿತ್ತು, ಇಲ್ಲವೇ ಮಣ್ಣಿಗೆ. ಶಾಟಿನಿಂದ ಶಾಟಿಗೆ ಸರಿಪಡಿಸುತ್ತಾ ಕುಳಿತರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಸರ್ವರ್ ಬಾಡಿಗೆ ಹದಿನೆಂಟೋ ಇಪ್ಪತ್ತೋ ಸಾವಿರ ಕರಗಿತ್ತು.

ಆಮೇಲೆ ರೋಟೋ, ಅಂದರೆ ಸೀರೆ, ಮುಖ, ಗೋಡೆ ಒಂದೊಂದರ ಅಂಚನ್ನೂ ಫ್ರೇಮು ಫ್ರೇಮಿಗೆ ಗೆರೆ ಎಳೆದು ಮಾಸ್ಕಾಗಿ ಬೇರ್ಪಡಿಸುವುದು. ಹೊರಗಿನ ತಂಡವೊಂದು ಫ್ರೇಮಿಗೆ 25 ರೂಪಾಯಿ ಕೇಳಿತು. ರೀಲಿಗೆ ಲೆಕ್ಕ ಹಾಕಿ, ನಾಲ್ಕು ಲಕ್ಷ. ನಾಲ್ಕು ನಿಮಿಷದ ಒಂದು ಹಾಡು ಸಾಕೆಂದು ಒಪ್ಪಿಸಿ ಅರ್ಧ ಹಣ, ಸುಮಾರು 70,000, ಮುಂಗಡ ಕೊಟ್ಟೆ. ಬಂದ ಮಾಸ್ಕುಗಳನ್ನು ನಿಲ್ಲಿಸಿ ನೋಡಿದರೆ ಚೆನ್ನಾಗಿದ್ದವು. ಓಡಿಸಿದರೆ ಅಂಚೆಲ್ಲ ಕುದಿಯುತ್ತಿತ್ತು. ಜಡೆಯ ಸುತ್ತ ಸೀರೆಯ ಬಣ್ಣ, ಸೆರಗಿನ ಸುತ್ತ ಗೋಡೆಯ ಬಣ್ಣ. ಮುಂಗಡ ವಾಪಸು ಬರಲಿಲ್ಲ, ನಾನೂ ಕೇಳುತ್ತಾ ಕೂರಲಿಲ್ಲ. ಎಬ್‌ಸಿಂತ್‌ ಎಂಬ ತಂತ್ರಾಂಶದಲ್ಲಿ, ಕೈಯಿಂದ ಬಳಿದ ಕೆಲವು ಫ್ರೇಮುಗಳ ಬಣ್ಣವನ್ನು ಉಳಿದವಕ್ಕೆ ಹರಡಿಸಿದ್ದು ಇವೆಲ್ಲಕ್ಕಿಂತ ವಾಸಿ. ಕುಳಿತು ಮಾತಾಡುವ ಶಾಟುಗಳಿಗೆ ಈಗಲೂ ಅದನ್ನೇ ಬಳಸುತ್ತೇನೆ. ನಾಯಕಿ ಒಂದು ಸುತ್ತು ತಿರುಗಿದಳೆಂದರೆ ಮುಗಿಯಿತು, ಮುಖದ ಬಣ್ಣ ಬೆನ್ನಿಗೆ ಹೋಗಿರುತ್ತದೆ.

ದಾರಿ ತೋರಿದ್ದು ವಿಡಿಯೊದಲ್ಲಿ ನಾವು ದಿನವೂ ಬಳಸುವ 4:2:0, ಅಂದರೆ ಬೆಳಕನ್ನು ಪೂರ್ತಿ ವಿವರದಲ್ಲೂ ಬಣ್ಣವನ್ನು ಕಡಿಮೆ ವಿವರದಲ್ಲೂ ಇಡುವ ಕ್ರಮ. ಕಣ್ಣಿಗೆ ಬೆಳಕಿನ ವಿವರ ಬೇಕು, ಬಣ್ಣದ ವಿವರ ಅಷ್ಟು ಬೇಡ. ಟಿವಿ, ಡಿವಿಡಿ ಎಲ್ಲವೂ ಇದರ ಮೇಲೆಯೇ ಬದುಕಿವೆ. ಹಾಗಿದ್ದರೆ ಪೂರ್ತಿ 2ಕೆಗೆ ನಾನೇಕೆ ಬಣ್ಣ ಹಚ್ಚಲಿ? ಸ್ಕ್ಯಾನಿನ ಬೆಳಕು, ಅಂದರೆ ಲೂಮಾ, ಅದರ ಗ್ರೇನು (ಫಿಲ್ಮಿನ ಸಣ್ಣ ಸಣ್ಣ ಕಣ) ಸಮೇತ ಹಾಗೇ ಪಕ್ಕಕ್ಕಿಟ್ಟೆ. ಗ್ರೇನು ತೆಗೆದ ಒಂದು ಪ್ರತಿಯನ್ನು 720 ಪಿಕ್ಸೆಲ್ ಅಗಲಕ್ಕೆ ಇಳಿಸಿ ಬಣ್ಣದ ಕೆಲಸವನ್ನೆಲ್ಲ ಅದರ ಮೇಲೆಯೇ ಮಾಡಿದೆ. ಕೊನೆಗೆ ಬಣ್ಣವನ್ನು ಮಾತ್ರ ಮೇಲಕ್ಕೆ ಹಿಗ್ಗಿಸಿ, ಮೂಲದ ಅಂಚಿಗೆ ಕೂರುವಂತೆ ಗೈಡೆಡ್ ಫಿಲ್ಟರಿನಲ್ಲಿ ಸೋಸಿ, ಲೂಮಾದ ಮೇಲೆ ಕೂರಿಸಿದೆ. ರೋಟೋದವರ ಕೈಯಲ್ಲಿ ಕುದಿಯುತ್ತಿದ್ದ ಅಂಚು ತಣ್ಣಗಾಯಿತು. ಕೆಲಸದ ಹೊರೆ ಎಂಟನೆಯ ಒಂದು ಭಾಗಕ್ಕೆ ಇಳಿಯಿತು. ಫಿಲ್ಟರಿನ ತ್ರಿಜ್ಯ ಎಷ್ಟಿಟ್ಟೆ, ಅದಕ್ಕೂ ಮೊದಲು ಲೂಮಾದ ಯಾವ ಪ್ರತಿಯನ್ನು ಅದಕ್ಕೆ ತೋರಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಮಾಸ್ಕಿಗೆ 2024ರಲ್ಲಿ ಸ್ಯಾಮ್ 2 ಎಂಬ ಎಐ ಮಾದರಿ ಬಂದದ್ದು ನನ್ನ ಅದೃಷ್ಟ. ಸೀರೆಯ ಮೇಲೊಂದು ಚುಕ್ಕಿ, ರವಿಕೆಯ ಮೇಲೊಂದು ಚುಕ್ಕಿ ಇಟ್ಟರೆ ಶಾಟಿನುದ್ದಕ್ಕೂ ಹಿಂಬಾಲಿಸುತ್ತದೆ. ಎರಡು ಪಾತ್ರ ಒಂದರ ಮುಂದೊಂದು ಹಾದಾಗ ತಬ್ಬಿಬ್ಬಾಗುತ್ತದೆ, ಆಗ ರಿಸಾಲ್ವ್‌ ಎಂಬ ಗ್ರೇಡಿಂಗ್ ತಂತ್ರಾಂಶದಲ್ಲಿ ಕೈಯಿಂದ ತಿದ್ದುತ್ತೇನೆ. ಗ್ರಾಫಿಕ್ಸ್ ಕಾರ್ಡು ಎನ್ವಿಡಿಯಾದ 3090, ಹಳೆಯದು, 65,000 ಕೊಟ್ಟೆ ಎಂದು ನೆನಪು. 24 ಜಿಬಿ ಮೆಮೊರಿ ಇದ್ದುದರಿಂದ ಉದ್ದದ ಶಾಟುಗಳನ್ನು ತುಂಡು ಮಾಡದೆ ಓಡಿಸಲು ಆಯಿತು. ತಿಂಗಳ ಕರೆಂಟ್ ಬಿಲ್ಲು ಎರಡು ಸಾವಿರದಷ್ಟು ಏರಿತು, ಮನೆಯಲ್ಲಿ ಅದರ ಚರ್ಚೆ ಇನ್ನೂ ನಿಂತಿಲ್ಲ.

ಬಣ್ಣ ಯಾವುದೆಂದು ತೀರ್ಮಾನಿಸುವುದೇ ನಿಜವಾದ ಕೆಲಸ. ಬೂದುಬಣ್ಣ ನೋಡಿ ಮೂಲದ ಬಣ್ಣ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಅನುಮಾನ ತೀರಿಸಿಕೊಳ್ಳಲು ಒಂದು ಹಳೆಯ ವರ್ಣಚಿತ್ರದ ತುಣುಕನ್ನು ಕಪ್ಪು-ಬಿಳುಪು ಮಾಡಿ, ಮೂಲವನ್ನು ನೋಡಿರದ ಹುಡುಗನೊಬ್ಬನಿಂದ ನನ್ನ ಕ್ರಮದಲ್ಲೇ ಬಣ್ಣ ಹಚ್ಚಿಸಿದೆ. ಮರ, ಆಕಾಶ, ಮಣ್ಣು, ಮೈ ಹತ್ತಿರ ಹತ್ತಿರ ಬಂದವು. ಬಟ್ಟೆ ನಾಲ್ಕರಲ್ಲಿ ಮೂರು ತಪ್ಪು. ಅಷ್ಟಕ್ಕೇ ಬಿಡದೆ ಚಿಕ್ಕಪೇಟೆಯ ಅಂಗಡಿಯೊಂದರಿಂದ ರೇಷ್ಮೆ ತುಂಡುಗಳ ಕಟ್ಟು ತಂದು, ಬಿಸಿಲಿನಲ್ಲಿ ಹರಡಿ, ಕಪ್ಪು-ಬಿಳುಪು ಫಿಲ್ಮಿನಲ್ಲಿ ತೆಗೆದೆ. ಅರಗಿನ ಕೆಂಪೂ ಗಿಳಿಹಸಿರೂ ಪಕ್ಕಪಕ್ಕ ಇಟ್ಟರೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಹುಡುಕಬೇಕಾಯಿತು. ಹಸಿರು ಸೀರೆಗೆ ಕೆಂಪು ಅಂಚು ಆ ಕಾಲದ ಎಷ್ಟು ಚಿತ್ರಗಳಲ್ಲಿ ಕಾಣದೆ ಹೋಗಿದೆಯೋ. ಆ ಫಿಲ್ಮು ರೋಲು, ತೊಳೆಸಿದ್ದು, ಆಟೋ ಎಲ್ಲ ಸೇರಿ ಮೂರು ಸಾವಿರದ ಖರ್ಚು, ಕೆಲಸಕ್ಕೆ ನೇರವಾಗಿ ಏನೂ ಬರಲಿಲ್ಲ. ಆದರೂ ಮಾಡಿದ್ದಕ್ಕೆ ಬೇಸರವಿಲ್ಲ, ಆ ಪಟ ಈಗ ಗೋಡೆಯ ಮೇಲಿದೆ.

ಒಂದು ಮಾತ್ರ ಬೂದುಬಣ್ಣವೇ ಹೇಳುತ್ತದೆ: ಯಾವ ಬಣ್ಣ ಸಾಧ್ಯವಿಲ್ಲ ಎಂದು. ಲೂಮಾ ಮುಟ್ಟುವುದಿಲ್ಲ ಎಂದ ಮೇಲೆ ತಿಳಿಬೂದಿಗೆ ಗಾಢ ಕೆಂಪು ಹತ್ತುವುದಿಲ್ಲ, ಗುಲಾಬಿಯಾಗುತ್ತದೆ. ಗಾಢ ಬೂದಿಗೆ ಹಳದಿ ಬಳಿದರೆ ಸಗಣಿಯ ಬಣ್ಣ. ಮದುವೆಯ ದೃಶ್ಯದಲ್ಲಿ ಇದೇ ಜಗಳ. ನಿರ್ಮಾಪಕರ ಮಗ, ‘ಮದುಮಗಳ ಸೀರೆ ಕೆಂಪೇ ಇರಬೇಕು ಸಾರ್, ಜನ ಒಪ್ಪುವುದಿಲ್ಲ’ ಎಂದು ಹಟ ಹಿಡಿದರು. ಸೀರೆಯ ಒಡಲು ಹೆಚ್ಚುಕಡಿಮೆ ಬಿಳಿ, ಅಂಚು ಮಾತ್ರ ಕಪ್ಪು. ಕೆಂಪು ಹಚ್ಚಿ ತೋರಿಸಿದೆ, ಬಾಂಬೆ ಮಿಠಾಯಿಯ ಗುಲಾಬಿ ಬಂತು. ಲೂಮಾ ಇಳಿಸಿ ಎಂದರು. ಇಳಿಸಿದರೆ ನೆರಿಗೆಯ ಬೆಳಕೆಲ್ಲ ಸತ್ತು ಕಂಬಳಿ ಹೊದ್ದ ಹಾಗಾಯಿತು. ಒಳಗಿನಿಂದ ಅವರ ತಾಯಿ ಬಂದು ಪರದೆ ನೋಡಿ, ‘ಧಾರೆಗೆ ಕೆಂಪು ಸೀರೆ ಯಾರು ಉಡುತ್ತಿದ್ದರಪ್ಪಾ? ಬಿಳಿ ಒಡಲು, ಕೆಂಪು ಅಂಚು. ನನ್ನದೂ ಅದೇ, ಪೆಟ್ಟಿಗೆಯಲ್ಲಿದೆ’ ಎಂದರು. ಪೆಟ್ಟಿಗೆಯಿಂದ ತೆಗೆಸಿಯೇ ಬಿಟ್ಟರು. ಒಡಲು ಅಪ್ಪಟ ಬಿಳಿಯಲ್ಲ, ಕೆನೆಬಣ್ಣ. ಅಂಚಿನ ಕೆಂಪಿನೊಳಗೆ ಜರಿಯ ಗೆರೆ. ಅದನ್ನು ನೋಡಿಕೊಂಡೇ ಬಳಿದೆ. ಜರಿಗೆ ಇಡೀ ಹಳದಿ ಕೊಡಲಿಲ್ಲ. ಬೆಳಕು ಬಿದ್ದು ಮಿನುಗುವ ಕಡೆ ಬಣ್ಣ ತೆಗೆದು, ಅದರ ಪಕ್ಕದ ನಡು ಬೆಳಕಿಗೆ ಮಾತ್ರ ಕೊಟ್ಟೆ. ಇಡೀ ನಾಲ್ಕು ರೀಲಿನಲ್ಲಿ ನನಗೆ ಅತ್ಯಂತ ಹೆಮ್ಮೆಯ ಶಾಟು ಅದೇ.

ಬಿಳಿ ಎಂದರೆ ನೆನಪಾಯಿತು. ಪಂಚೆ, ಜುಬ್ಬ, ಮಲ್ಲಿಗೆ ಮೂರೂ ಒಂದೇ ಬಿಳಿಯಲ್ಲ. ಕ್ಯಾಮೆರಾ ಮುಂದೆ ಅಪ್ಪಟ ಬಿಳಿ ಉರಿಯುತ್ತದೆಂದು ಕಪ್ಪು-ಬಿಳುಪಿನ ಕಾಲದಲ್ಲಿ ಬಟ್ಟೆಯನ್ನು ಸ್ವಲ್ಪ ಮಂಕು ಮಾಡಿ ಉಡಿಸುವ ರೂಢಿ ಇತ್ತು. ಆದ್ದರಿಂದ ಪಂಚೆಗೆ ಎಳ್ಳಷ್ಟು ಹಳದಿ, ನೆರಳಿಗೆ ಎಳ್ಳಷ್ಟು ನೀಲಿ. ಯಂತ್ರ ಬಿಳಿಯನ್ನು ಬಿಳಿಯಾಗಿಯೇ ಬಿಡುತ್ತದೆ, ಆಗ ಬಣ್ಣದ ನಡುವೆ ಕಪ್ಪು-ಬಿಳುಪಿನ ತುಂಡು ಅಂಟಿಸಿದಂತೆ ಕಾಣುತ್ತದೆ. ಮೈಬಣ್ಣಕ್ಕೆ 1964ರ ‘ಅಮರಶಿಲ್ಪಿ ಜಕಣಾಚಾರಿ’ ನೋಡಿ ಎಂದು ಯಾರೋ ಹೇಳಿದರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಆ ಕಾಲದ ಮೇಕಪ್ ಬಣ್ಣದಲ್ಲಿ ಹೇಗೆ ಕಾಣುತ್ತಿತ್ತೆಂದು ತಿಳಿಯಲು ಒಳ್ಳೆಯದೇ. ಆದರೆ ಅದು ಬಣ್ಣಕ್ಕೆಂದೇ ಹಚ್ಚಿದ ಮೇಕಪ್. ನಾನು ವೆಕ್ಟರ್‌ಸ್ಕೋಪಿನಲ್ಲಿ, ಅಂದರೆ ಬಣ್ಣ ಅಳೆದು ತೋರಿಸುವ ನಕ್ಷೆಯಲ್ಲಿ, ಮೈಬಣ್ಣದ ಗೆರೆಯಿಂದ ತುಸು ಹಳದಿಯ ಕಡೆಗೆ ಸರಿದು, ಬಣ್ಣದ ತೀವ್ರತೆಯನ್ನು ಮೊದಲು ಅಂದುಕೊಂಡದ್ದರ ಅರ್ಧಕ್ಕೆ ಇಳಿಸಿದೆ. ಕ್ಯಾಲೆಂಡರ್ ಆಗದಂತೆ ತಡೆದದ್ದು ಆ ಅರ್ಧವೇ.

ಕುಂಕುಮ ಬೇರೆಯದೇ ಕಥೆ. ಕೆಂಪು ಆ ಫಿಲ್ಮಿನಲ್ಲಿ ಕಡುವಾಗಿ ಬರುತ್ತದೆ. ಪ್ರಿಂಟಿನಲ್ಲಿ ಇನ್ನೂ ಕಡುವಾಗಿ ಹಣೆಯ ಮೇಲೆ ಒಂದು ಕಪ್ಪು ಚುಕ್ಕಿ ಉಳಿಯುತ್ತದೆ. ಯಾವ ಯಂತ್ರಕ್ಕೂ ಅದು ಕುಂಕುಮವೆಂದು ತಿಳಿಯುವುದಿಲ್ಲ, ಮಚ್ಚೆಯೆಂದು ಬಗೆದು ಮೈಬಣ್ಣ ಬಳಿದುಬಿಡುತ್ತದೆ. ಮಿಡ್ ಶಾಟಿನಲ್ಲಿ ಅದು ಹತ್ತು ಹನ್ನೆರಡು ಪಿಕ್ಸೆಲ್. 720ಕ್ಕೆ ಇಳಿಸಿದಾಗ ಮೂರೋ ನಾಲ್ಕೋ. ಹೀಗಾಗಿ ಕುಂಕುಮಕ್ಕೆ ಮಾತ್ರ ನನ್ನ ನಿಯಮ ಮುರಿದು 2ಕೆಯಲ್ಲೇ ಟ್ರ್ಯಾಕ್ ಮಾಡಿ, ಲೂಮಾವನ್ನೂ ಒಂದಿಷ್ಟು ಎತ್ತಿದೆ. ಎತ್ತದಿದ್ದರೆ ಎಷ್ಟು ಕೆಂಪು ಸುರಿದರೂ ಕಪ್ಪು ಕಪ್ಪೇ. ಪಾತ್ರ ತಲೆ ತಿರುಗಿಸಿ ಕುಂಕುಮ ಮರೆಯಾಗಿ ಮತ್ತೆ ಬಂದಾಗ ಹಾರದಂತೆ ಹಿಡಿಯುವುದಕ್ಕೊಂದು ಉಪಾಯವಿದೆ. ಅದೂ ನನ್ನ ಬಳಿಯೇ ಇರಲಿ. ಸುಳಿವು ಬೇಕಿದ್ದವರು ಕುಂಕುಮವನ್ನು ಬಿಟ್ಟು ಹುಬ್ಬನ್ನು ನೋಡಲಿ.

ಡಿಸಾಲ್ವ್‌ಗಳ ಬಗ್ಗೆ ಎರಡು ಮಾತು. ಎರಡು ಶಾಟು ಒಂದರ ಮೇಲೊಂದು ಬೆರೆತ ಕಡೆ ಮಾಸ್ಕು ಕೆಲಸ ಮಾಡುವುದಿಲ್ಲ. ಹೋಗುವ ಶಾಟಿನ ಬಣ್ಣವನ್ನೂ ಬರುವ ಶಾಟಿನ ಬಣ್ಣವನ್ನೂ ಬೇರೆ ಬೇರೆ ಮಾಡಿ, ಬಣ್ಣವನ್ನೇ ಅಷ್ಟೇ ಉದ್ದಕ್ಕೆ ಡಿಸಾಲ್ವ್ ಮಾಡಿ. ಆ ಭಾಗ ಲ್ಯಾಬಿನಲ್ಲಿ ಮರುಪ್ರತಿಯಾಗಿ ಬಂದಿರುವುದರಿಂದ ಗ್ರೇನೂ ಕಾಂಟ್ರಾಸ್ಟೂ ಹಠಾತ್ತನೆ ಏರಿರುತ್ತವೆ. ಅಲ್ಲಿ ಬಣ್ಣವನ್ನು ಒಂದು ಮೆಟ್ಟಿಲು ಕಡಿಮೆ ಮಾಡಿದರೆ ಕಣ್ಣಿಗೆ ಹೊಡೆಯುವುದಿಲ್ಲ. ಹಗಲಿನಲ್ಲೇ ತೆಗೆದು ರಾತ್ರಿ ಎನ್ನಿಸಿದ ದೃಶ್ಯಗಳು ಮಾತ್ರ ಇನ್ನೂ ನನಗೆ ಸೋತಿಲ್ಲ. ನೀಲಿ ಹಾಕಿದರೆ ನಾಟಕ, ಹಾಕದಿದ್ದರೆ ಮಧ್ಯಾಹ್ನ.

ಲೆಕ್ಕ ಕೇಳುವವರಿಗೆ: ಸೋತ ಪ್ರಯೋಗ, ಕಾರ್ಡು, ಡಿಸ್ಕು, ಕರೆಂಟು ಎಲ್ಲ ಸೇರಿ ಎರಡೂಕಾಲು ಲಕ್ಷದ ಆಸುಪಾಸು ನನ್ನ ಕೈಯಿಂದ ಹೋಗಿದೆ. ನಿಮಿಷಕ್ಕೆ 9,000ದಂತೆ ನಾಲ್ಕು ರೀಲಿಗೆ ಬಂದದ್ದು ನಾಲ್ಕು ಲಕ್ಷದ ಹತ್ತಿರ. ಮೊದಲ ರೀಲು ಒಂದು ಮಳೆಗಾಲವನ್ನೇ ನುಂಗಿತು, ನಾಲ್ಕನೆಯದು ಅದರ ಮೂರನೆಯ ಒಂದು ಭಾಗದ ಸಮಯವನ್ನೂ ತೆಗೆದುಕೊಳ್ಳಲಿಲ್ಲ. ಹಳೆಯದಲ್ಲವೇ, ಯಾರು ಕೇಳುತ್ತಾರೆ ಎಂದು ಸಿಕ್ಕ ಚಿತ್ರಕ್ಕೆ ಕೈಹಾಕಬೇಡಿ. ಚಿತ್ರದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಹಾಡಿನ ಸಾಹಿತ್ಯ, ಸಂಗೀತದ್ದು ಬೇರೆಯೇ ಲೆಕ್ಕ, ಬರೆದವರು ತೀರಿಕೊಂಡ ಮೇಲೂ 60 ವರ್ಷ. ನಾನು ಕಾಗದದ ಮೇಲೆ ಸಹಿ ಹಾಕಿಸಿಕೊಂಡೇ ಡಬ್ಬಿ ಮನೆಗೆ ತಂದದ್ದು.

ಪ್ರಿವ್ಯೂಗೆ ಆ ಹಿರಿಯ ಛಾಯಾಗ್ರಾಹಕರನ್ನೂ ಕರೆದಿದ್ದೆ. ಕಪ್ಪು-ಬಿಳುಪಿನ ಬೆಳಕಿಗೆ ಬಣ್ಣ ಹಚ್ಚುವುದೇ ತಪ್ಪು ಎನ್ನುವವರು ಅವರು. ಈಗಲೂ ಹಾಗೇ ಅನ್ನುತ್ತಾರೆ, ಅದರಲ್ಲಿ ನನಗೂ ಅರ್ಧ ಒಪ್ಪಿಗೆ. ಹೊರಗೆ ಬಂದು ಕೇಳಿದ್ದು ಮಾತ್ರ, ‘ಗ್ರೇನು ಹೇಗೆ ಉಳಿಸಿದೆ?’ ಎಂದು. ಇನ್ನು ಹತ್ತು ರೀಲು ಬಾಕಿ ಇವೆ. ದರ 12,000ಕ್ಕೆ ಏರಿಸಿದ್ದೇನೆ, ಮಗ ಚೌಕಾಸಿ ಮಾಡುತ್ತಿದ್ದಾರೆ. ಬೇರೆ ಇಬ್ಬರು ಯೂಟ್ಯೂಬಿನಿಂದ ಇಳಿಸಿದ ಪ್ರತಿ ಕಳುಹಿಸಿ ಬಣ್ಣ ಹಚ್ಚಿಕೊಡಿ ಎಂದಿದ್ದಾರೆ. ಅದರಲ್ಲಿ ಲೂಮಾವೇ ಉಳಿದಿರುವುದಿಲ್ಲ, ವಾಪಸು ಕಳುಹಿಸಿದೆ. ಸ್ಕ್ಯಾನ್ ಮಾಡಿಸಿಕೊಂಡು ಬರಲಿ, ಮಾತಾಡೋಣ.